ಬೆಳಿಗ್ಗೆ ಹಚ್ಚಿದ ಎಣ್ಣೆ

ಏಪ್ರಿಲ್ ತಿಂಗಳ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನನ್ನ ಗಂಡ ಸ್ವೆಟರ್ ಕೇಳಿದರು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆಗಷ್ಟೇ ಕುದುರೆಮುಖದ ಕಡೆಯ ಬಸ್ಸು ನಮ್ಮ ಮನೆಯೆದುರಿನ ತಿರುವಿನಲ್ಲಿ ಹಾರ್ನ್ ಹಾಕಿ ಹೋಗಿತ್ತು, ನಾನು ಒಲೆಯ ಮೇಲೆ ಸಾರಿಗೆ ಒಗ್ಗರಣೆ ಇಡುತ್ತಿದ್ದೆ. ಹೊರಗೆ ಸೆಕೆಗೆ ನಾಯಿ ನಾಲಗೆ ಚಾಚಿ ಮಲಗಿತ್ತು. ಇವರು ಶೆಡ್ಡಿನಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನ ಸ್ವೆಟರ್ ಎಲ್ಲಿಟ್ಟಿದೀಯ?" ಅಂದರು.

ನಾನು ನಕ್ಕೆ. ಆ ನಗುವನ್ನು ಇವತ್ತಿಗೂ ನನ್ನ ಕಿವಿಯಿಂದ ತೆಗೆಯಲಾಗಿಲ್ಲ.

ನಾವು ಇರುವುದು ಸಂಸೆಯಲ್ಲಿ. ರಸ್ತೆಯ ಬದಿಯಲ್ಲಿ ಇವರ ಶೆಡ್, ಹಿಂದೆ ಮನೆ. ಚಂದ್ರಶೇಖರ ಅಂತ ಹೆಸರು, ಊರಿಗೆಲ್ಲ ಪಲ್ಪರ್ ಚಂದ್ರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರವನ್ನು ಬಿಚ್ಚಿ ಜೋಡಿಸುವುದರಲ್ಲಿ ಈ ಕಡೆ ಇವರನ್ನು ಬಿಟ್ಟರೆ ಇವರ ಪಾಲುದಾರ ಇಸ್ಮಾಯಿಲ್, ಅಷ್ಟೇ. ಇಬ್ಬರೂ ಹೈಸ್ಕೂಲಿನಿಂದ ಜೊತೆ. ಕೊಯ್ಲಿನ ತಿಂಗಳುಗಳಲ್ಲಿ ಊಟಕ್ಕೂ ಪುರುಸೊತ್ತಿಲ್ಲ, ಕೊಯ್ಲು ಮುಗಿದರೆ ಶೆಡ್ಡಿನಲ್ಲಿ ಕೂತು ರೇಡಿಯೋ ಕೇಳುವ ಕೆಲಸ. ಹಾಗಿದ್ದಾಗ, ಇವರು ಹದಿನೈದು ವರ್ಷದಿಂದ ಯಂತ್ರ ನೋಡಿಕೊಳ್ಳುತ್ತಿದ್ದ ಎಸ್ಟೇಟಿನ ಮಾಲೀಕರು ಒಂದು ದಿನ ಕರೆದು, ಉಗಾಂಡದಲ್ಲಿ ತಮ್ಮ ಸಂಬಂಧಿಕರ ತೋಟದಲ್ಲಿ ಹೊಸ ಪಲ್ಪರ್ ಕೂರಿಸಬೇಕು, ಆರು ವಾರದ ಕೆಲಸ, ಹೋಗಿ ಬರ್ತೀಯಾ ಎಂದು ಕೇಳಿದರು. ಇವರು ವಿಮಾನ ಹತ್ತಿರದಿಂದ ನೋಡಿದ್ದೂ ಇರಲಿಲ್ಲ. ಹೋಗುತ್ತೇನೆ ಎಂದು ಅಲ್ಲೇ ಹೇಳಿ ಬಂದರು.

ಹಳದಿ ಜ್ವರದ ಚುಚ್ಚುಮದ್ದಿಲ್ಲದೆ ಆ ದೇಶದೊಳಕ್ಕೆ ಬಿಡುವುದಿಲ್ಲ. ಅದನ್ನು ಹಾಕುವುದು ಕೆಲವೇ ಕಡೆ. ಹಾಗಾಗಿ ಇಬ್ಬರೂ ಬೆಂಗಳೂರಿಗೆ ಹೋದೆವು. ನನಗೆ ಹೋಗಲೇಬೇಕೆಂದೇನೂ ಇರಲಿಲ್ಲ, ಕುತೂಹಲಕ್ಕೆ ಹೋದೆ. ನಾನು ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದವಳು. ಮದುವೆಯಾದ ಮೇಲೆ ಆ ವಿದ್ಯೆ ಟ್ಯೂಷನ್ ಮಕ್ಕಳ ಕಪ್ಪೆಯ ಚಿತ್ರಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಳಕೆಯಾಗಿರಲಿಲ್ಲ.

ಅಲ್ಲಿನ ಕಾಯುವ ಕೋಣೆಯಷ್ಟು ವಿಚಿತ್ರವಾದ ಜಾಗವನ್ನು ನಾನು ನೋಡಿಲ್ಲ. ಒಂದೇ ಬೆಂಚಿನಲ್ಲಿ ಕೂತವರೆಲ್ಲ ಬೇರೆ ಬೇರೆ ದೇಶಕ್ಕೆ ಹೊರಟವರು, ಯಾರಿಗೂ ಕಾಯಿಲೆ ಇಲ್ಲ. ಮದ್ದಿನ ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಇರುತ್ತದಂತೆ, ಅಷ್ಟು ಜನ ಸೇರಿದ ಮೇಲೆಯೇ ಒಡೆಯುವುದು. ಹಾಗಾಗಿ ಪ್ರತಿಯೊಬ್ಬರೂ ಬಾಗಿಲು ನೋಡುತ್ತ ಇನ್ನೊಬ್ಬ ಪ್ರಯಾಣಿಕ ಬರಲಿ ಎಂದು ಹಾರೈಸುತ್ತಿದ್ದರು. ನಮ್ಮ ಪಕ್ಕದಲ್ಲಿ ಕೂತಿದ್ದವರು ಕೊಳವೆಬಾವಿ ಕೊರೆಯುವ ತಮಿಳರು, ಟಾಂಜಾನಿಯಾಕ್ಕೆ ಮೂರನೇ ಸಲ ಹೊರಟವರು. ಮುರುಕು ಕನ್ನಡದಲ್ಲಿ ಇವರಿಗೆ ಧೈರ್ಯ ತುಂಬಿದರು. "ಮಲೇರಿಯಾ ನಂಗೆ ಎರಡು ಸಲ ಬಂದಿದೆ ಸಾರ್. ಮೂರು ದಿನ ಮಾತ್ರೆ, ನಾಲ್ಕನೇ ದಿನ ಕೆಲಸ. ಬರೋಕೆ ಮುಂಚೆ ಮಾತ್ರೆ ನುಂಗೋದು ಎಲ್ಲ ಬಿಳಿ ಜನ ಮಾಡೋದು."

ಒಳಗಿದ್ದ ಡಾಕ್ಟರು ವಯಸ್ಸಾದ ಹೆಂಗಸು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿ, ಟೈಫಾಯ್ಡಿನದೂ ಹಾಕಿಸಿಕೊಳ್ಳಿ ಎಂದು ಬರೆದು, ಮಲೇರಿಯಾ ತಡೆಗೆ ದಿನಕ್ಕೊಂದು ಮಾತ್ರೆ ಬರೆದರು. ಹೊರಡುವ ಎರಡು ದಿನ ಮೊದಲು ಶುರು ಮಾಡಬೇಕು, ಅಲ್ಲಿರುವಷ್ಟು ದಿನ ತಪ್ಪಬಾರದು, ಬಂದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ನಾನು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದೆ. ಬಂದ ಮೇಲೆ ಯಾಕೆ? ಅಷ್ಟು ದಿನ ಅದು ಎಲ್ಲಿ ಅಡಗಿ ಕೂತಿರುತ್ತದೆ?

"ಇವಳಿಗೆ ನಾಳೆ ಪರೀಕ್ಷೆ ಇದೆ ಡಾಕ್ಟ್ರೇ" ಎಂದು ಇವರು ನಗಾಡಿದರು.

ಡಾಕ್ಟರು ನಗಲಿಲ್ಲ. ಚುಚ್ಚುಮದ್ದಿನ ಹಳದಿ ಪುಸ್ತಕವನ್ನೂ ಮಾತ್ರೆಯ ಚೀಟಿಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, "ಈ ಪುಸ್ತಕ ಅವರಿಗೆ ತೋರಿಸೋಕೆ. ಈ ಮಾತ್ರೆ ನಿಮಗೆ" ಎಂದರು. "ಎಲ್ಲರೂ ಪುಸ್ತಕನ ಜೋಪಾನ ಮಾಡ್ತಾರೆ."

ನಾವೂ ಪುಸ್ತಕವನ್ನೇ ಜೋಪಾನ ಮಾಡಿದೆವು. ಅತ್ತೆ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿದರು. ಎಂಟು ಶೀಟ್ ಮಾತ್ರೆಗೆ ನಾನು ರಬ್ಬರ್ ಬ್ಯಾಂಡ್ ಸುತ್ತಿ ಶೇವಿಂಗ್ ಡಬ್ಬಿಯ ಪಕ್ಕ ತುರುಕಿದೆ. ಅದನ್ನು ನೋಡಿ ಅತ್ತೆಗೆ ಸಿಟ್ಟು. "ಮುತ್ತಜ್ಜನ ಕಾಲದಲ್ಲಿ ಈ ಕಡೆ ಚಳಿಜ್ವರಕ್ಕೆ ಊರಿಗೆ ಊರೇ ಖಾಲಿ ಆಗಿತ್ತು ಕಣೇ ಸುಜಾತ. ಅದರಲ್ಲಿ ಉಳಿದವರ ಮಕ್ಕಳು ನಾವು. ನಮ್ಮ ರಕ್ತಕ್ಕೆ ಆಫ್ರಿಕದ ಸೊಳ್ಳೆ ಎಂತ ಮಾಡ್ತದೆ?" ಬಿಎಸ್ಸಿ ಓದಿದ ನನಗೆ ಇದು ತಪ್ಪೆಂದು ಗೊತ್ತಿತ್ತು. ಆದರೂ ಎಲ್ಲೋ ಒಂದು ಮೂಲೆಯಲ್ಲಿ, ಇರಬಹುದೇನೋ ಅನ್ನಿಸಿತು. ಹಾಗನ್ನಿಸಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಮಾತ್ರೆಗಿಂತ ಇವರಿಗೆ ನಂಬಿಕೆ ಇದ್ದದ್ದು ಇನ್ನೊಂದರ ಮೇಲೆ. ನಮ್ಮ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ. ಕಾಡಿನ ಉಣ್ಣೆ ಕಚ್ಚಿದರೆ ಬರುವ ಜ್ವರ ಅದು. ಅದಕ್ಕಾಗಿ ಆಸ್ಪತ್ರೆಯವರು ಮನೆಮನೆಗೆ ಡೇಪಾ ಎಣ್ಣೆಯ ಸೀಸೆ ಕೊಡುತ್ತಾರೆ. ಬೆಳಿಗ್ಗೆ ತೋಟಕ್ಕೋ ಕಾಡಿಗೋ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಸಂಜೆ ಬಂದವರೇ ಬಿಸಿನೀರಲ್ಲಿ ಸೋಪು ಹಾಕಿ ತಿಕ್ಕಿ ಸ್ನಾನ ಮಾಡಬೇಕು. ಚಿಕ್ಕಂದಿನಿಂದ ಕೈಗೆ ಅಭ್ಯಾಸವಾದ ಕೆಲಸ. ಸೊಳ್ಳೆಗೂ ಇದೇ ಆಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅದು ಸುಳ್ಳೂ ಅಲ್ಲ. ಇವರು ಎರಡು ಸೀಸೆ ಬ್ಯಾಗಿಗೆ ಹಾಕಿಕೊಂಡು ಫೆಬ್ರವರಿ ಕೊನೆಯಲ್ಲಿ ಹೊರಟರು.

ಅಲ್ಲಿಂದ ದಿನಾ ವಿಡಿಯೋ ಕಾಲ್. ಅವರಿಗೆ ಸಂಜೆ ಏಳು, ನಮಗೆ ಒಂಬತ್ತೂವರೆ. ಸ್ನಾನ ಮುಗಿಸಿ ಟವಲ್ ಹೊದ್ದು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ತಲೆಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುತ್ತಿತ್ತು. ಅಲ್ಲಿನ ಕೆಂಪು ಮಣ್ಣು, ಬಾಳೆಕಾಯಿ ಬೇಯಿಸಿ ಮಾಡುವ ಊಟ, ಕಾಫಿ ಗಿಡಕ್ಕೆ ನೆರಳಿನ ಮರವೇ ಕಡಿಮೆ ಎಂಬ ಆಶ್ಚರ್ಯ, ಎಲ್ಲ ಹೇಳುತ್ತಿದ್ದರು. ಮಾತಿನ ನಡುವೆ ಆಗಾಗ ತೋಳಿಗೆ ಪಟ್ಟೆಂದು ಹೊಡೆದುಕೊಳ್ಳುತ್ತಿದ್ದರು.

"ಎಂತ, ಸೊಳ್ಳೆಯಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಏ, ಸಣ್ಣವು. ಸದ್ದೂ ಇಲ್ಲ. ನಮ್ಮ ಜಿಗಣೆ ಮುಂದೆ ಇವು ಎಂತದೂ ಅಲ್ಲ."

ಪ್ರತಿದಿನ ಊಟ ಆಯಿತಾ ಎಂದು ಕೇಳಿದೆ. ಮಾತ್ರೆ ಆಯಿತಾ ಎಂದು ಒಂದು ದಿನವೂ ಕೇಳಲಿಲ್ಲ.

ಏಪ್ರಿಲ್ ಮೊದಲ ವಾರ ಇವರು ಬಂದಿಳಿದಾಗ ಊರಿನಲ್ಲಿ ಬೇರೆಯೇ ಸುದ್ದಿ ಇತ್ತು. ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಆಸ್ಪತ್ರೆಯವರು ಬಂದು ಸುತ್ತಲೂ ಪುಡಿ ಹೊಡೆದು ಹೋಗಿದ್ದರು. ಯಾರಿಗೆ ತಲೆನೋವು ಬಂದರೂ ಊರೆಲ್ಲ ಅದೇ ಮಾತು. ಅಷ್ಟರಲ್ಲಿ ಇವರು ಕೊಟ್ಟಿಗೆಗೆ ಹಾಸುವ ಒಣ ದರಗೆಲೆ ತರಲು ಎರಡು ಸಲ ಕಾಡಂಚಿಗೆ ಹೋಗಿ ಬಂದಿದ್ದರು. ಬಂದ ಹನ್ನೆರಡನೇ ದಿನ ಸ್ವೆಟರ್ ಕೇಳಿದರು.

ಮಾರನೇ ದಿನವೇ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಜ್ವರ ಬಂದ ಮನೆಗಳಿಗೆಲ್ಲ ಅವಳು ಹೋಗುತ್ತಿದ್ದಳು. ಒಳ್ಳೆಯ ಹುಡುಗಿ, ನನ್ನ ಹತ್ತಿರವೇ ಟ್ಯೂಷನ್ನಿಗೆ ಬರುತ್ತಿದ್ದವಳು. ಫಾರಂ ತೆಗೆದು, "ಮೇಡಂ, ಸಾರ್ ಈ ಹತ್ತು ದಿನದಲ್ಲಿ ಕಾಡಿಗೆ ಹೋಗಿದ್ರಾ?" ಎಂದು ಕೇಳಿದಳು. ಹೌದು ಎಂದೆ. "ಬೇರೆ ಎಲ್ಲಾದ್ರೂ ಹೋಗಿದ್ರಾ?"

"ಇಲ್ಲ, ಮನೇಲೇ ಇದ್ರು."

ಅವಳು ಕೇಳಿದ್ದು ಹತ್ತು ದಿನದ ಲೆಕ್ಕ. ನಾನು ಹೇಳಿದ್ದು ಅಕ್ಷರಶಃ ನಿಜ. ಈ ಒಂದು ಉತ್ತರವನ್ನು ನಾನು ಎಷ್ಟು ಸಲ ಮತ್ತೆ ಮತ್ತೆ ಹೇಳಿ ನೋಡಿದ್ದೇನೋ. ಪಾತ್ರೆ ತೊಳೆಯುವಾಗ, ಹಸುವಿಗೆ ಹುಲ್ಲು ಹಾಕುವಾಗ, ಪ್ರತಿ ಸಲವೂ ಒಂದೇ ಒಂದು ಮಾತು ಹೆಚ್ಚಿಗೆ ಸೇರಿಸಿ ಹೇಳುತ್ತೇನೆ. ಮೊದಲು ಉಗಾಂಡದಲ್ಲಿದ್ದರು. ಎರಡೇ ಪದ ಹೆಚ್ಚು.

ರಕ್ತದ ಮಾದರಿ ಮಂಗನ ಕಾಯಿಲೆಯ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಯಿತು. ವರದಿ ಬರುವವರೆಗೆ ಜ್ವರದ ಮಾತ್ರೆ, ಗಂಜಿ, ವಿಶ್ರಾಂತಿ. ಬುಧವಾರ ಮೈ ತಣ್ಣಗಾಯಿತು. "ನೋಡು, ಇಳೀತು" ಎಂದು ಅತ್ತೆ ದೇವರಿಗೆ ಕೈಮುಗಿದರು. ಸಂಜೆಗೆ ಹಲ್ಲು ಕಟಕಟ ಕಡಿಯುವ ಚಳಿ ಬಂತು. ಮೂರು ಕಂಬಳಿ ಹೊದೆಸಿದರೂ ಮಂಚ ಅಲುಗುತ್ತಿತ್ತು.

ಗುರುವಾರ ಬೆಳಿಗ್ಗೆ ಇವರ ಕಣ್ಣು ಹಳದಿಯಾಗಿತ್ತು. ಕರೆದರೆ ಸ್ವಲ್ಪ ಹೊತ್ತು ಬಿಟ್ಟು ಓಗೊಡುತ್ತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಇಸ್ಮಾಯಿಲ್‌ಗೆ ಫೋನ್ ಮಾಡಿದೆ. ಅವನು ಜೀಪು ತರುವಷ್ಟರಲ್ಲಿ ಬಟ್ಟೆ ಜೋಡಿಸಲು ಅಟ್ಟದಿಂದ ಬ್ಯಾಗು ಇಳಿಸಿದೆ. ಉಗಾಂಡದಿಂದ ತಂದ ಮೇಲೆ ಅದನ್ನು ಪೂರ್ತಿ ಬಿಚ್ಚಿರಲಿಲ್ಲ. ಒಳಗಿನಿಂದ ಡೇಪಾ ಎಣ್ಣೆಯ ಎರಡೂ ಸೀಸೆ ಉರುಳಿ ಬಂದವು, ಖಾಲಿ.

"ಪಾಪ, ನೋಡು" ಎಂದರು ಅತ್ತೆ. "ಅಲ್ಲೂ ಒಂದು ದಿನ ತಪ್ಪಿಸದೆ ಬೆಳಿಗ್ಗೆ ಬೆಳಿಗ್ಗೆ ಹಚ್ಚಿಕೊಂಡಿದಾನೆ. ಇಲ್ಲಿ ಬಂದು ಉಣ್ಣೆ ಕಚ್ಚಿಸಿಕೊಂಡ."

"ಬೆಳಿಗ್ಗೆಯಾ?" ಎಂದೆ.

"ಮತ್ತೆ? ಸಂಜೆ ಸ್ನಾನ ಮಾಡಲ್ವಾ?"

ಆ ಕ್ಷಣ ನನಗೆ ಕಂಡದ್ದು ವಿಡಿಯೋ ಕಾಲಿನ ಆ ಜಗಲಿ. ಒದ್ದೆ ತಲೆ, ಸೋಪಿನಲ್ಲಿ ತಿಕ್ಕಿ ತೊಳೆದ ಬರಿ ತೋಳು, ಪಟ್ಟೆಂಬ ಸದ್ದು. ಉಣ್ಣೆ ಹಗಲಿನದು, ಕಾಡಿನದು. ಮಲೇರಿಯಾ ತರುವ ಸೊಳ್ಳೆ ಹೊತ್ತು ಮುಳುಗಿದ ಮೇಲೆ ಹೊರಡುವಂಥದ್ದು. ಇದನ್ನು ನಾನು ಬಿಎಸ್ಸಿ ಎರಡನೇ ವರ್ಷದಲ್ಲಿ ಬರೆದಿದ್ದೆ, ಅಂಕ ಪಡೆದಿದ್ದೆ. ನನ್ನ ಗಂಡ ಆರು ವಾರ ದಿನವಿಡೀ ಎಣ್ಣೆ ಹಚ್ಚಿಕೊಂಡು ಯಂತ್ರದ ಮುಂದೆ ಕೂತಿದ್ದು, ಸೊಳ್ಳೆ ಏಳುವ ಹೊತ್ತಿಗೆ ಸರಿಯಾಗಿ ಅದನ್ನು ತೊಳೆದುಕೊಂಡು ಜಗಲಿಗೆ ಬಂದಿದ್ದರು. ನಾನು ಅದನ್ನು ಪ್ರತಿದಿನ ನೋಡಿದ್ದೆ.

ಶೇವಿಂಗ್ ಡಬ್ಬಿಯ ಪಕ್ಕ ಮಾತ್ರೆಯ ಶೀಟುಗಳಿದ್ದವು. ನಾನು ಸುತ್ತಿದ ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಮೊದಲನೇ ಶೀಟಿನಲ್ಲಿ ಒಂದು ಮಾತ್ರೆ ಉಳಿದಿತ್ತು. ಉಳಿದ ಏಳನ್ನು ಮುಟ್ಟಿರಲಿಲ್ಲ.

ಮಂಚದ ಹತ್ತಿರ ಹೋಗಿ, "ರೀ, ಮಾತ್ರೆ ಯಾಕೆ ನಿಲ್ಲಿಸಿದ್ರಿ?" ಎಂದು ಕೇಳಿದೆ.

ಕಣ್ಣು ತೆರೆಯದೆ, "ಹೊಟ್ಟೆ ಉರೀತಿತ್ತು" ಎಂದರು. ಖಾಲಿ ಹೊಟ್ಟೆಯಲ್ಲಿ, ಕಪ್ಪು ಕಾಫಿಯ ಜೊತೆ ನುಂಗುತ್ತಿದ್ದರಂತೆ. ಊಟದ ಮೇಲೆ ತಗೋಬೇಕು ಎಂದು ಚೀಟಿಯಲ್ಲಿ ಬರೆದಿತ್ತು.

ಕಳಸದ ಆಸ್ಪತ್ರೆಯಲ್ಲಿ ಡಾಕ್ಟರು ಇವರನ್ನು ನೋಡುವ ಮೊದಲೇ ನಾನು ಆ ಎರಡು ಪದ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಮಲೇರಿಯಾ ಪರೀಕ್ಷೆಯ ಸಣ್ಣ ಕಾರ್ಡಿನ ಮೇಲೆ ಬಿಟ್ಟರು. ಕಾಯಬೇಕಾದದ್ದು ಕಾಲು ಗಂಟೆ. ಅಷ್ಟು ಹೊತ್ತು ಬೇಕಾಗಲಿಲ್ಲ, ಗೆರೆ ಮೂಡಿತು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಪತ್ರ ಬರೆದು, "ದೊಡ್ಡ ಆಸ್ಪತ್ರೆಗೆ ಹೊರಡಿ. ಊಟಕ್ಕೂ ನಿಲ್ಲಬೇಡಿ" ಎಂದರು.

"ಮಂಗಳೂರಿಗೆ ಹೋಗುವ, ಅತ್ತಿಗೆ" ಎಂದ ಇಸ್ಮಾಯಿಲ್. "ಮಲೇರಿಯಾ ಅಂದ್ರೆ ಅಲ್ಲಿ ಆಟೋದವನಿಗೂ ಗೊತ್ತು."

ಕುದುರೆಮುಖದ ದಾರಿಯಲ್ಲಿ ಇವರ ಮಾತು ಹಿಡಿತ ತಪ್ಪಿತು. ನನ್ನ ತೊಡೆಯ ಮೇಲೆ ತಲೆಯಿಟ್ಟು ಶೆಡ್ಡಿನಲ್ಲಿ ಇರುವ ಹಾಗೆ ಕೂಗತೊಡಗಿದರು. "ಇಸ್ಮಾಯಿಲ್, ಗ್ಯಾಪ್ ಜಾಸ್ತಿ ಮಾಡು. ಬೀಜ ಒಡೀತಾ ಇದೆ." ಪಲ್ಪರಿನ ತಟ್ಟೆಗಳ ನಡುವೆ ಸಂದು ಕಡಿಮೆಯಾದರೆ ಕಾಫಿ ಬೀಜಕ್ಕೆ ಪೆಟ್ಟಾಗುತ್ತದೆ, ಅದರ ಚಿಂತೆ.

ಇಸ್ಮಾಯಿಲ್ ಸ್ಟೇರಿಂಗ್ ಬಿಡದೆ, ಹಿಂದೆ ತಿರುಗದೆ, "ಆಯ್ತು ಮಾರಾಯ, ಮಾಡಿದೆ. ಈಗ ಸರಿಯಾಗಿ ಬೀಳ್ತಾ ಇದೆ" ಎಂದ.

"ಒಡೀತಾ ಇದೆ."

"ಇಲ್ಲ ಮಾರಾಯ. ನಾನು ಕೈಯಲ್ಲಿ ಹಿಡಿದು ನೋಡಿದೆ. ಒಂದೂ ಒಡೆದಿಲ್ಲ."

ಘಾಟಿ ಇಳಿಯುವವರೆಗೂ ಇದೇ. ಒಂದು ಸಲವೂ ಅವನ ದನಿಯಲ್ಲಿ ಬೇಸರ ಕಾಣಲಿಲ್ಲ. ಕಾರ್ಕಳದ ಹತ್ತಿರ ಇವರ ಕೂಗು ನಿಂತಿತು. ಆಗ ಇಸ್ಮಾಯಿಲ್ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಮಾತಾಡಿಸ್ತಾ ಇರಿ ಅತ್ತಿಗೆ" ಎಂದ, ಜೀಪಿನ ವೇಗ ಹೆಚ್ಚಿಸಿದ. ಏನು ಮಾತಾಡಿಸಲಿ ಎಂದು ತಿಳಿಯದೆ ನಾನೂ ಅದನ್ನೇ ಹೇಳಿದೆ. ಬೀಜ ಒಡೆದಿಲ್ಲ ರೀ, ಒಂದೂ ಒಡೆದಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಇವರನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿದೆ, ಎರಡು ದಿನ ಏನೂ ಹೇಳುವ ಹಾಗಿಲ್ಲ, ಇನ್ನೊಂದು ದಿನ ತಡವಾಗಿದ್ದರೆ ನಾವು ಈ ಮಾತನ್ನೂ ಆಡುತ್ತಿರಲಿಲ್ಲ ಎಂದರು. ನಾನು ತಲೆಯಾಡಿಸಿದೆ. ಹೊರಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಇಸ್ಮಾಯಿಲ್ ಚಹಾ ತಂದ. ನಾನು ಲೋಟಕ್ಕೆ ಕೈಯೊಡ್ಡದ್ದನ್ನು ನೋಡಿ, ತಾನೇ ಹಿಡಿದು ನಿಂತ.

ಮಾರನೇ ದಿನ ಒಂದು ಸಂಗತಿ ನಡೆಯಿತು. ಅದನ್ನು ಹೇಳಿದರೆ ಕೆಲವರಿಗೆ ವಿಚಿತ್ರ ಅನ್ನಿಸಬಹುದು. ರಕ್ತದ ವರದಿ ತರಲು ಪ್ರಯೋಗಾಲಯಕ್ಕೆ ಹೋಗಿದ್ದೆ. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ಕಾಯುತ್ತಿದ್ದಾಗ ಬಾಯಿ ತಪ್ಪಿ, ನಾನೂ ಪ್ರಾಣಿಶಾಸ್ತ್ರ ಓದಿದವಳು ಎಂದುಬಿಟ್ಟೆ.

"ಹೌದಾ? ಹಾಗಾದ್ರೆ ಬನ್ನಿ, ನೋಡಿ" ಎಂದು ಜಾಗ ಬಿಟ್ಟುಕೊಟ್ಟರು. "ಉಂಗುರದ ಹಾಗೆ ಉಂಟಲ್ಲ, ಅದೇ."

ಕಣ್ಣಿಟ್ಟೆ. ನಸುಗೆಂಪು ರಕ್ತಕಣಗಳ ಒಳಗೆ ನೀಲಿ ಉಂಗುರಗಳು, ಪ್ರತಿ ಉಂಗುರಕ್ಕೂ ಕೆಂಪು ಹರಳಿನಂಥ ಒಂದು ಚುಕ್ಕೆ. ಒಂದು ಕಣದಲ್ಲಿ ಎರಡು, ಪಕ್ಕದ್ದರಲ್ಲಿ ಮೂರು. ಕಾಲೇಜಿನ ರೆಕಾರ್ಡ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲಿನಿಂದ ನಾನು ಬರೆದದ್ದು ಇದೇ ಚಿತ್ರ, ಮೇಡಂ ಕೆಳಗೆ 'ಚೆನ್ನಾಗಿದೆ' ಎಂದು ಬರೆದಿದ್ದರು. ಅದು ಎಷ್ಟು ಅಂದವಾಗಿತ್ತೆಂದರೆ ನನಗೆ ಹೆದರಿಕೆಯಾಗುವ ಮೊದಲು ಆಶ್ಚರ್ಯವಾಯಿತು. ಇದು ನನ್ನ ಗಂಡನ ರಕ್ತ ಎನ್ನುವುದು ಆಮೇಲೆ ನೆನಪಾಯಿತು. ಆಗ ಅಳು ಬಂತು, ಗೋಣಿಬೀಡಿನ ನನ್ನ ತವರುಮನೆ ಬಿಟ್ಟು ಬಂದ ದಿನವೂ ಹಾಗೆ ಅತ್ತಿರಲಿಲ್ಲ.

ಆ ಹೆಂಗಸು ಕುರ್ಚಿ ಎಳೆದುಕೊಟ್ಟು, "ನಾಳೆ ಪುನಃ ಬನ್ನಿ" ಎಂದರು. "ಮದ್ದು ಹಿಡಿದ್ರೆ ನಿಮಗೇ ಕಾಣ್ತದೆ."

ಮಾರನೇ ದಿನ ಹೋದೆ. ಕಡಿಮೆಯಾಗಿದ್ದವು, ಆದರೆ ಕಣ್ಣಿಟ್ಟಲ್ಲೆಲ್ಲ ಒಂದೆರಡು ಇದ್ದವು. ಅದರ ಮಾರನೇ ದಿನ ಸ್ಲೈಡನ್ನು ಸರಿಸಿ ಸರಿಸಿ ಹುಡುಕಬೇಕಾಯಿತು, ಒಂದು ಸಿಕ್ಕಿತು. ನಾಲ್ಕನೇ ದಿನ ನಾನು ಬಹಳ ಹೊತ್ತು ಹುಡುಕಿದೆ. ಅವರು ಹಿಂದೆ ನಿಂತು ಕಾಯುತ್ತಿದ್ದರು. "ಸಿಕ್ಕಿತಾ?" ಎಂದರು. ಇಲ್ಲ ಎಂದೆ. "ನನಗೂ ಸಿಗ್ಲಿಲ್ಲ" ಎಂದು ವರದಿಗೆ ಸಹಿ ಹಾಕಿದರು.

ಮೇಲೆ ಹೋದಾಗ ಇವರು ದಿಂಬಿಗೆ ಒರಗಿ ಕೂತಿದ್ದರು. ಇಸ್ಮಾಯಿಲ್ ಕಿತ್ತಳೆ ಸುಲಿಯುತ್ತಿದ್ದ.

"ಅಲ್ಲ ಮಾರಾಯ" ಎನ್ನುತ್ತಿದ್ದ ಅವನು, "ಘಾಟಿ ಉದ್ದಕ್ಕೂ ನನಗೆ ಪಲ್ಪರ್ ಕೆಲಸ ಹೇಳಿಕೊಟ್ಟೆಯಲ್ಲ. ನನಗೆ ಬರೋದಿಲ್ಲ ಅಂತ ಇಷ್ಟು ವರ್ಷ ಮನಸ್ಸಲ್ಲಿ ಇಟ್ಕೊಂಡಿದ್ಯಾ?"

"ನಿನಗೆ ಗ್ಯಾಪ್ ಇಡೋದು ಯಾವತ್ತೂ ಬಂದಿಲ್ಲ" ಎಂದರು ಇವರು. ದನಿ ಬಹಳ ಸಣ್ಣದಾಗಿತ್ತು. ಆದರೆ ಅದು ಇವರದೇ ದನಿ.

ಶಿವಮೊಗ್ಗದ ವರದಿ ನಾವು ಮಂಗಳೂರಿನಲ್ಲಿದ್ದಾಗಲೇ ಬಂತು. ಮಂಗನ ಕಾಯಿಲೆ ಇಲ್ಲ. ಆಶಾ ಹುಡುಗಿ ಫೋನ್ ಮಾಡಿ ಅತ್ತಳು. ನಿನ್ನ ತಪ್ಪಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟವಳು ನಾನು ಎಂದೆ. ಈಗ ಅವಳು ತನ್ನ ಫಾರಮ್ಮಿನ ಅಂಚಿನಲ್ಲಿ ಪೆನ್ನಿನಲ್ಲಿ ಒಂದು ಸಾಲು ಸೇರಿಸಿಕೊಂಡಿದ್ದಾಳೆ. ಮೂರು ತಿಂಗಳಲ್ಲಿ ಹೊರದೇಶಕ್ಕೆ ಹೋಗಿದ್ದಿರಾ? ಊರಿನ ಅಜ್ಜಿಯರಿಗೂ ಅದನ್ನು ಕೇಳುತ್ತಾಳಂತೆ, ಅವರು ನಗುತ್ತಾರಂತೆ.

ಮನೆಗೆ ಬಂದ ಮೇಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಹತ್ತಿದರೆ ಒಂದು ತಾಸಿಗೇ ಎಚ್ಚರ, ಕೈ ತಾನಾಗಿ ಇವರ ಹಣೆಗೆ ಹೋಗುತ್ತಿತ್ತು. ತಣ್ಣಗಿದ್ದರೆ ಬೆವರಿ ತಣ್ಣಗಾಗಿರಬಹುದೇ ಎಂಬ ಸಂಶಯ, ಬೆಚ್ಚಗಿದ್ದರೆ ಕಂಬಳಿಯ ಕಾವೋ ಜ್ವರವೋ ಎಂಬ ಸಂಶಯ. ಡಾಕ್ಟರು ನಾಲ್ಕು ವಾರದವರೆಗೆ ಆಗಾಗ ರಕ್ತ ನೋಡಿಸಿ ಎಂದಿದ್ದರು. ಪ್ರತಿ ಸಲ ಕಳಸಕ್ಕೆ ಹೋಗಿ ಬಂದೆವು, ಪ್ರತಿ ಸಲ ಏನೂ ಇರಲಿಲ್ಲ. ನಾಲ್ಕು ವಾರ. ಅದೇ ಲೆಕ್ಕ. ಬೆಂಗಳೂರಿನ ಡಾಕ್ಟರು, ಊರಿಗೆ ಬಂದ ಮೇಲೂ ಮಾತ್ರೆ ನುಂಗಿ ಎಂದಿದ್ದೂ ಅಷ್ಟೇ ದಿನ.

ಕೊನೆಯ ಪರೀಕ್ಷೆಗೆ ಹೋದ ದಿನ ಎಸ್ಟೇಟ್ ಮಾಲೀಕರ ಫೋನ್ ಬಂತು. ಇವರ ಆರೋಗ್ಯ ವಿಚಾರಿಸಿ, ಹಿಂದೆ ಮುಂದೆ ನೋಡಿ, ಮುಂದಿನ ವರ್ಷ ಅಲ್ಲಿ ಇನ್ನೊಂದು ಯಂತ್ರ ಇದೆ, ಬೇರೆಯವರನ್ನು ಕಳಿಸಲೇ ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ಅತ್ತೆ ಒಳಗಿನಿಂದಲೇ, "ಬೇಡ ಅಂತ ಹೇಳು" ಎಂದರು.

ಹೋಗಿ ಎನ್ನಲು ನನಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಆದರೆ ಸಂಜೆ ಇವರು ಸ್ನಾನ ಮುಗಿಸಿ ಜಗಲಿಗೆ ಬಂದಾಗ ಡೇಪಾ ಎಣ್ಣೆಯ ಹೊಸ ಸೀಸೆ ತಂದು ಕೈಗೆ ಕೊಟ್ಟೆ.

"ಈಗಾ? ಸ್ನಾನ ಆದ ಮೇಲಾ?" ಎಂದರು.

"ಈಗ. ಸ್ನಾನ ಆದ ಮೇಲೆ."

ಇವರು ಎರಡೂ ತೋಳಿಗೆ ಹಚ್ಚಿಕೊಂಡರು. ವಾಸನೆಗೆ ಅತ್ತೆ ಮೂಗು ಮುಚ್ಚಿದರು. "ಹೋಗೋದಾದ್ರೆ ಮಾತ್ರೆ ಊಟದ ಮೇಲೆ" ಎಂದು ಇವರು ತಾವಾಗಿ ಹೇಳಿದರು, "ದಿನಾ ಕ್ಯಾಮರಾ ಮುಂದೆ ನುಂಗಿ ತೋರಿಸ್ತೇನೆ. ಆಯ್ತಾ?"

ಮಾರನೇ ದಿನ ನನ್ನನ್ನು ಎಬ್ಬಿಸಿದ್ದು ಹಣೆಯ ಮೇಲಿನ ಒಂದು ಕೈ. ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಬಿಸಿಲು. ಹಸುವಿನ ಹಾಲು ಆಗಲೇ ಕರೆದಾಗಿತ್ತು, ಶೆಡ್ಡಿನಿಂದ ಇಸ್ಮಾಯಿಲ್ ಸುತ್ತಿಗೆ ಬಡಿಯುವ ಸದ್ದು ಬರುತ್ತಿತ್ತು. ಇವರು ಮಂಚದ ಅಂಚಿನಲ್ಲಿ ಕೂತು, ತಲೆ ವಾಲಿಸಿ, ನನ್ನ ಹಣೆಯ ಮೇಲೆ ಅಂಗೈಯಿಟ್ಟು ಕಾವು ನೋಡುತ್ತಿದ್ದರು.

"ಎಂತ ಮಾಡ್ತಿದೀರಿ?" ಎಂದೆ.

"ಎಂಟು ಗಂಟೆ ಆಯ್ತು" ಎಂದರು. "ನಿನಗೇನಾದ್ರೂ ಜ್ವರವಾ ಅಂತ ನೋಡಿದೆ."